ಜ್ವರ ಬಿಟ್ಟ ಮೇಲೆ ಕೆಟ್ಟ ಹೊಟ್ಟೆ: ಉಣ್ಣಿಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ನಾಯಿಯೊಂದರ ಪ್ರಕರಣ

ಈ ಪ್ರಕರಣದ ರೋಗಿ ಚಿನ್ನಿ ಎಂಬ ಐದು ವರ್ಷದ ಹೆಣ್ಣು ನಾಯಿ. ಮರಿಯಾಗಿದ್ದಾಗಲೇ ಬೀದಿಯಿಂದ ಮನೆ ಸೇರಿದ ನಾಡತಳಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ವರ್ಷದ ಲಸಿಕೆಗಳು ತಪ್ಪಿಲ್ಲ. ಮನೆ ಇರುವುದು ಬೆಂಗಳೂರಿನ ಶ್ರೀನಗರದ ಕಡೆ, ನೆಲಮಹಡಿಯಲ್ಲಿ. ಹಿಂದೆ ಸಣ್ಣದೊಂದು ಅಂಗಳ, ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸಕ್ಕೆಂದು ಸುರಿದು ಮರೆತ ಮರಳಿನ ರಾಶಿ. ಆ ರಾಶಿ ಮುಂದೆ ಲೆಕ್ಕಕ್ಕೆ ಬರುತ್ತದೆ. ಸಾಕಿದವರು ನಿವೃತ್ತ ಶಿಕ್ಷಕಿಯೊಬ್ಬರು ಮತ್ತು ಅವರ ಮಗ. ಇಬ್ಬರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಇದನ್ನು ಬರೆದಿದ್ದೇನೆ.

ನನ್ನ ಬಳಿಗೆ ಬರುವ ಮೊದಲೇ ಇನ್ನೊಂದು ಚಿಕಿತ್ಸಾಲಯದಲ್ಲಿ ಚಿನ್ನಿಗೆ ಉಣ್ಣಿಜ್ವರ, ಅಂದರೆ ನಾಯಿ ಸಾಕಿದವರೆಲ್ಲ ಟಿಕ್ ಫೀವರ್ ಎನ್ನುವ ಕಾಯಿಲೆ, ಪತ್ತೆಯಾಗಿತ್ತು. ಊಟ ಬಿಟ್ಟಿತ್ತು, ಮೈ 104.6 ಡಿಗ್ರಿ ಫ್ಯಾರನ್‌ಹೀಟ್ ಕಾಯುತ್ತಿತ್ತು, ಉಣ್ಣಿಯಿಂದ ಹರಡುವ ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಕಿಟ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಆರೋಗ್ಯವಂತ ನಾಯಿಯ ಒಂದು ಮೈಕ್ರೋಲೀಟರ್ ರಕ್ತದಲ್ಲಿ ರಕ್ತಸ್ರಾವ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್ ಸುಮಾರು ಎರಡರಿಂದ ಐದು ಲಕ್ಷ ಇರಬೇಕಾದ ಕಡೆ ಇದರಲ್ಲಿ 38,000 ಮಾತ್ರ ಇದ್ದವು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂ. ಲೆಕ್ಕದಲ್ಲಿ 28 ದಿನಕ್ಕೆ ಬರೆದುಕೊಟ್ಟು, ಮೊದಲ ಕೆಲವು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೂಡ ಕೊಟ್ಟಿದ್ದರು. ಚಿಕಿತ್ಸೆ ಸರಿಯಾಗಿಯೇ ಇತ್ತು. ಈ ಕಾಯಿಲೆಯ ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಕಾಣುವಂತೆ, ಎರಡು ದಿನದೊಳಗೆ ಜ್ವರ ಬಿಟ್ಟು ನಾಯಿ ಎದ್ದು ಬಾಗಿಲಿಗೆ ಬಂದಿತ್ತು.

ತೊಂದರೆ ಶುರುವಾದದ್ದು ಎರಡನೆಯ ವಾರದಲ್ಲಿ. ಮೊದಲು ಬೆಳಗಿನ ಹೊತ್ತು ಹಳದಿ ನೊರೆಯ ವಾಂತಿ, ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ತೆಳುವಾದ ಮಲ. ಕೊನೆಗೆ ಮಲದ ಬಣ್ಣ ಕಪ್ಪಿಗೆ ತಿರುಗಿದಾಗ ಮನೆಯವರಿಗೆ ಕೈಕಾಲು ಆಡದಂತಾಯಿತು. ಕಪ್ಪು ಮಲ ಎಂದರೆ ಹೊಟ್ಟೆಯೊಳಗೆ ರಕ್ತಸ್ರಾವ ಎಂದು ಮಗ ಎಲ್ಲೋ ಓದಿದ್ದ. ಪ್ಲೇಟ್‌ಲೆಟ್ ಕಡಿಮೆಯಿದ್ದ ನಾಯಿಯಾದ್ದರಿಂದ ಆ ಭಯ ಆಧಾರವಿಲ್ಲದ್ದೂ ಆಗಿರಲಿಲ್ಲ. ಅಷ್ಟರಲ್ಲಿ ಮನೆಗೆ ಬಂದ ನೆಂಟರೊಬ್ಬರು ಆಂಟಿಬಯೋಟಿಕ್ ಬಲು ಉಷ್ಣ, ಅದರಿಂದಲೇ ಹೊಟ್ಟೆ ಕೆಟ್ಟಿದೆ ಎಂದದ್ದರಿಂದ ಡಾಕ್ಸಿಸೈಕ್ಲಿನ್ ನಿಲ್ಲಿಸಿ, ತಂಪಿಗೆಂದು ಎಳನೀರು ಮತ್ತು ಮಜ್ಜಿಗೆ ಕೊಡಲು ಆರಂಭಿಸಿದ್ದರು. ಭೇದಿ ನಿಲ್ಲಿಸಲು ಮನುಷ್ಯರ ಲೋಪೆರಮೈಡ್ ಮಾತ್ರೆಯನ್ನೂ ಮೆಡಿಕಲ್ ಸ್ಟೋರಿನಿಂದ ತಂದಿಟ್ಟಿದ್ದರು. ಪುಣ್ಯಕ್ಕೆ ಅದನ್ನು ಇನ್ನೂ ಕೊಟ್ಟಿರಲಿಲ್ಲ.

“ಡಾಕ್ಟ್ರೇ, ಜ್ವರ ಹೋಯ್ತಲ್ಲ ಅಂತ ಉಸಿರು ಬಿಡೋ ಹೊತ್ತಿಗೆ ಹೊಟ್ಟೆ ಹಿಡ್ಕೊಂಡಿದೆ ನೋಡಿ. ಒಳಗೆ ರಕ್ತ ಸೋರ್ತಾ ಇದ್ಯಾ? ಅದೊಂದು ಹೇಳಿಬಿಡಿ,” ಎಂದರು ಆ ತಾಯಿ, ಚಿನ್ನಿಯನ್ನು ಮೇಜಿನ ಮೇಲೆ ಹತ್ತಿಸುವ ಮೊದಲೇ.

ಪರೀಕ್ಷೆಯಲ್ಲಿ ಕಂಡದ್ದು

ಹೊಟ್ಟೆ ಕೆಟ್ಟ ನಾಯಿಯನ್ನು ತಂದವರೆಲ್ಲ ಮಲದ ವಿಷಯದಿಂದಲೇ ಮಾತು ಶುರುಮಾಡುತ್ತಾರೆ. ವೈದ್ಯನಾದವನು ನಾಯಿಯಿಂದ ಶುರುಮಾಡಬೇಕಾಗುತ್ತದೆ. ಚಿನ್ನಿ ನಡೆದುಕೊಂಡೇ ಒಳಗೆ ಬಂದು, ಮೂಲೆಯಲ್ಲಿದ್ದ ಬೆಕ್ಕಿನ ಬುಟ್ಟಿಯನ್ನು ಮೂಸಿ, ಬಾಲ ಆಡಿಸಿತು. ತೂಕ 16 ಕೆ.ಜಿ.; ಕಾಯಿಲೆಗೆ ಮೊದಲು 18 ಇತ್ತಂತೆ. ಮೈ ತಾಪ 101.8 ಡಿಗ್ರಿ, ಅಂದರೆ ನಾಯಿಗೆ ಸಹಜವಾದದ್ದೇ. ವಸಡು ತುಸು ಬಿಳಿಚಿಕೊಂಡಿದ್ದರೂ ಒದ್ದೆಯಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತಿತ್ತು. ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಟ್ಟರೆ ತಡವಿಲ್ಲದೆ ಕೂರುತ್ತಿತ್ತು, ಆದ್ದರಿಂದ ಮೈಯ ನೀರು ಹೆಚ್ಚು ಕಳೆದಿರಲಿಲ್ಲ. ಪ್ಲೇಟ್‌ಲೆಟ್ ಕುಸಿದ ನಾಯಿಯಲ್ಲಿ ಹೊಟ್ಟೆಯ ಅಡಿಭಾಗದ ಚರ್ಮದ ಮೇಲೂ ವಸಡಿನ ಮೇಲೂ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಕಾಣಿಸುವುದುಂಟು; ಬೆಳಕು ಹಿಡಿದು ಹುಡುಕಿದರೂ ಅವು ಸಿಗಲಿಲ್ಲ. ಹೊಟ್ಟೆಯನ್ನು ಒತ್ತಿ ನೋಡಿದಾಗ ಕರುಳಿನಲ್ಲಿ ಗುಳುಗುಳು ಸದ್ದು ಹೆಚ್ಚಿತ್ತೇ ಹೊರತು ನೋವಿನಿಂದ ಮೈ ಬಿಗಿ ಹಿಡಿಯಲಿಲ್ಲ.

ಮಲದ ಮಾದರಿಯನ್ನು ಮೊಸರಿನ ಖಾಲಿ ಡಬ್ಬಿಯಲ್ಲಿ ತಂದಿದ್ದರು. ಅಂಗಳದ ಮಣ್ಣಿನಿಂದ ಬಳಿದು ತಂದ ಮಾದರಿಯಲ್ಲಿ ಮಣ್ಣಿನಲ್ಲೇ ಬದುಕುವ ಹುಳುಗಳೂ ಸೇರಿಕೊಂಡು ಸೂಕ್ಷ್ಮದರ್ಶಕದಲ್ಲಿ ಗೊಂದಲ ಹುಟ್ಟಿಸುತ್ತವೆ. ಆದ್ದರಿಂದ ಕೈಗವಸು ಹಾಕಿ ಗುದದ್ವಾರದಿಂದಲೇ ಹೊಸ ಮಾದರಿ ತೆಗೆದೆ. ಬಣ್ಣ ಕಪ್ಪೇ, ಆದರೆ ಡಾಂಬರಿನಂತೆ ಅಂಟುವ, ಮೂಗಿಗೆ ಹೊಡೆಯುವ ಕಪ್ಪಲ್ಲ, ಹಸಿರು ಬೆರೆತ ಕಪ್ಪು. ಅದರಲ್ಲಿ ಸ್ವಲ್ಪವನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದ ಮೇಲೆ ಒರೆಸಿ ಮಗನಿಗೂ ತೋರಿಸಿದೆ. ಜೀರ್ಣವಾದ ರಕ್ತವಿದ್ದರೆ ಸಾಮಾನ್ಯವಾಗಿ ಅಂಚಿನಲ್ಲಿ ಕೆಂಗಂದು ಬಣ್ಣ ಹರಡುತ್ತದೆ, ಇಲ್ಲಿ ಹರಡಿದ್ದು ಬೂದು ಹಸಿರು. ಇದು ರೋಗಿಯ ಪಕ್ಕದಲ್ಲೇ ಮಾಡುವ ಸರಳ ಪರೀಕ್ಷೆ ಅಷ್ಟೇ, ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆಹಚ್ಚಲು ಮನುಷ್ಯರಿಗೆ ಮಾಡುವ ಪ್ರಯೋಗಾಲಯದ ಪರೀಕ್ಷೆಯನ್ನು ನಾನು ಮಾಡಿಸಲಿಲ್ಲ, ಏಕೆಂದರೆ ಮಾಂಸ ತಿಂದ ನಾಯಿಯಲ್ಲಿ ಅದು ಸುಳ್ಳು ಪಾಸಿಟಿವ್ ತೋರಿಸುವುದೇ ಹೆಚ್ಚು.

ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1,42,000ಕ್ಕೆ ಏರಿದ್ದವು. ಕೆಂಪು ರಕ್ತಕಣಗಳ ಪಾಲನ್ನು ಹೇಳುವ ಪಿಸಿವಿ ಶೇಕಡಾ 29 ಇತ್ತು; ನಾಯಿಗಳಲ್ಲಿ ಇದು ಸುಮಾರು 37ರಿಂದ 55ರವರೆಗೆ ಇರಬೇಕು. ಮೂತ್ರಪಿಂಡ ಹೊರಹಾಕುವ ತ್ಯಾಜ್ಯಗಳಾದ ಯೂರಿಯಾ, ಕ್ರಿಯಾಟಿನಿನ್ ಎರಡೂ ಸಹಜ ಮಿತಿಯಲ್ಲಿದ್ದವು. ಜಠರದಲ್ಲಿ ಅಥವಾ ಸಣ್ಣಕರುಳಿನ ಮೇಲ್ಭಾಗದಲ್ಲಿ ರಕ್ತ ಒಸರುತ್ತಿದ್ದರೆ ಆ ರಕ್ತವೇ ಮಾಂಸದ ಊಟದಂತೆ ಜೀರ್ಣವಾಗಿ, ಕ್ರಿಯಾಟಿನಿನ್ ಸುಮ್ಮನಿರುವಾಗ ಯೂರಿಯಾ ಮಾತ್ರ ಏರುವುದುಂಟು. ಇಲ್ಲಿ ಹಾಗಾಗಿರಲಿಲ್ಲ. ಮಲಪರೀಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಅಲ್ಲಿಗೆ ವಿಷಯ ನೇರವಾಗಿ ಮುಗಿಯುವ ಆಸೆ ಹೋಯಿತು. ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿ ರಕ್ತ ಹೀರುವ ಹುಳು, ಮಲ ಕಪ್ಪಾಗಲು ಅದೂ ಕಾರಣವಾಗಬಲ್ಲದು.

ಬಾಯಿಗೆ ಹೋಗುತ್ತಿದ್ದದ್ದು

ಹಿಂದಿನ ಒಂದು ವಾರದಲ್ಲಿ ಚಿನ್ನಿಯ ಬಾಯಿಗೆ ಏನೇನು ಹೋಗಿದೆ, ಯಾವ ಹೊತ್ತಿಗೆ, ಯಾರ ಕೈಯಿಂದ ಎಂದು ಬರೆಯಲು ಹೇಳಿದೆ. ಶಿಕ್ಷಕಿಯಾಗಿದ್ದವರು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹೊರಗಿನ ಬೆಂಚಿನ ಮೇಲೆ ಕೂತು ದುಂಡಗೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಡಾಕ್ಸಿಸೈಕ್ಲಿನ್. ಅದರ ಬೆನ್ನಿಗೇ ಹಾಲಿನಲ್ಲಿ ಕಲಸಿದ ಕ್ಯಾಲ್ಸಿಯಂ ಸಿರಪ್. ತಿಂಡಿಗೆ ಮೊದಲು ಹೊಟ್ಟೆ ಹುಣ್ಣಾಗದಿರಲೆಂದು ಸುಕ್ರಾಲ್ಫೇಟ್. ಆಮೇಲೆ ಲಿವರ್ ಟಾನಿಕ್, ರಕ್ತ ಹೆಚ್ಚಲೆಂದು ಕಬ್ಬಿಣಾಂಶದ ಸಿರಪ್. ಮಧ್ಯಾಹ್ನ ಹಾಲು ಮತ್ತು ಹಸಿ ಮೊಟ್ಟೆ. ಸಂಜೆ ಬಿಸ್ಕತ್ತು. ರಾತ್ರಿ ಮೊಸರನ್ನ. ಇವೆಲ್ಲದರ ಜೊತೆಗೆ, ಬರೆದ ಮೇಲೆ ನೆನಪಾಗಿ ಅಂಚಿನಲ್ಲಿ ಸೇರಿಸಿದ್ದು: ದಿನ ಬಿಟ್ಟು ದಿನ ಕಾಲು ಸೂಪ್.

ಬೆಂಗಳೂರಿನಲ್ಲಿ ಕಾಯಿಲೆಯಿಂದ ಎದ್ದವರಿಗೆ, ಮೂಳೆ ಮುರಿದುಕೊಂಡವರಿಗೆ ಕಾಲು ಸೂಪ್ ಕೊಡುವುದು ಹಳೆಯ ರೂಢಿ. ಮಗ ಅದನ್ನು ಮಿಲಿಟರಿ ಹೋಟೆಲಿನಿಂದ ಪಾರ್ಸೆಲ್ ತರುತ್ತಿದ್ದ. ಮನುಷ್ಯರಿಗೆ ಅದು ಹಿತವೇ ಇರಬಹುದು. ನಾಯಿಗೆ ಅದರಲ್ಲಿ ಎರಡು ದೋಷಗಳಿವೆ. ತಟ್ಟೆಯ ಮೇಲೆ ಹೆಪ್ಪುಗಟ್ಟುವಷ್ಟು ಕೊಬ್ಬು ಸೊರಗಿದ ಕರುಳಿಗೆ ಹೊರೆ, ಮೇದೋಜೀರಕ ಗ್ರಂಥಿ ಉರಿಯೂತಕ್ಕೂ ಅದು ದಾರಿಯಾಗಬಹುದು. ಇನ್ನು ಸೂಪಿಗೆ ಹಾಕುವ ಈರುಳ್ಳಿ ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ರಕ್ತ ಕಡಿಮೆಯಿದೆ ಎಂದು ಕೊಡುತ್ತಿದ್ದ ಸೂಪೇ ರಕ್ತವನ್ನು ಇನ್ನಷ್ಟು ಕಡಿಮೆ ಮಾಡಬಲ್ಲದಾಗಿತ್ತು ಎಂಬುದನ್ನು ತಾಯಿ ಮಗ ಇಬ್ಬರೂ ಸುಮ್ಮನೆ ಕೇಳಿಸಿಕೊಂಡರು. ಗಾಜಿನ ಮೇಲೆ ಬಳಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈರುಳ್ಳಿಯ ವಿಷಕ್ಕೆ ಹೊಂದುವ ಬದಲಾವಣೆಗಳು ಕಾಣಲಿಲ್ಲವಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಹಾಲಿನ ಕಥೆ ಚಿಕ್ಕದು. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಡಿಮೆ. ಕರುಳು ಸೊರಗಿದಾಗ ಇನ್ನೂ ಕಡಿಮೆ. ಅರಗದ ಸಕ್ಕರೆ ಕರುಳಿಗೆ ನೀರೆಳೆದು ಭೇದಿ ಮಾಡಿಸುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆಯಿರುವುದರಿಂದ ಸ್ವಲ್ಪ ಮೊಸರನ್ನ ಅನೇಕ ನಾಯಿಗಳಿಗೆ ಒಗ್ಗುತ್ತದೆ.

ಆದರೆ ಆ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಬೆಳಗಿನ ಮೊದಲ ಸಾಲುಗಳು. ಕಬ್ಬಿಣ, ಕ್ಯಾಲ್ಸಿಯಂ, ಸುಕ್ರಾಲ್ಫೇಟ್‌ನಲ್ಲಿರುವ ಅಲ್ಯೂಮಿನಿಯಂ, ಇವೆಲ್ಲವೂ ಹೊಟ್ಟೆಯಲ್ಲಿ ಡಾಕ್ಸಿಸೈಕ್ಲಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹೊಟ್ಟೆಯ ರಕ್ಷಣೆಗೆಂದು, ಶಕ್ತಿಗೆಂದು ಒಂದೊಂದಾಗಿ ಸೇರಿಸಿದ ಬಾಟಲಿಗಳು ಕಾಯಿಲೆಯನ್ನು ಗುಣಪಡಿಸಬೇಕಾದ ಆ ಒಂದೇ ಔಷಧದ ಪಾಲನ್ನು ಕಿತ್ತುಕೊಳ್ಳುತ್ತಿದ್ದವು. ಕೊನೆಗೆ ಹೊಟ್ಟೆ ಕೆಟ್ಟಾಗ ತಪ್ಪಿತಸ್ಥನೆಂದು ಹೊರಗೆ ಹೋದದ್ದೂ ಅದೇ ಔಷಧ. ಹಾಗಿದ್ದೂ ಪ್ಲೇಟ್‌ಲೆಟ್ ಏರಿದ್ದು ಚಿನ್ನಿಯ ಅದೃಷ್ಟ. ಕಬ್ಬಿಣದ ಅಗತ್ಯವಂತೂ ಇರಲಿಲ್ಲ. ಈ ಕಾಯಿಲೆಯಲ್ಲಿ ರಕ್ತಹೀನತೆ ಬರುವುದು ಬಹುಪಾಲು ಉರಿಯೂತದಿಂದ ಅಸ್ಥಿಮಜ್ಜೆ ಮಂಕಾಗುವುದರಿಂದ. ಕಬ್ಬಿಣದ ದಾಸ್ತಾನು ಖಾಲಿಯಾಗುವುದರಿಂದಲ್ಲ. ಸೋಂಕು ಹೋದರೆ ಮಜ್ಜೆ ತಾನೇ ಕೆಲಸಕ್ಕೆ ಮರಳುತ್ತದೆ. ಜೀರ್ಣವಾಗದೆ ಉಳಿದ ಕಬ್ಬಿಣ ಮಲವನ್ನು ಹಸಿರುಗಪ್ಪು ಮಾಡಿ, ಮನೆಯವರ ನಿದ್ದೆ ಕೆಡಿಸಿತ್ತು.

ಬೆಳಗಿನ ಹಳದಿ ವಾಂತಿಗೂ ಉತ್ತರ ಅದೇ ಹಾಳೆಯಲ್ಲಿತ್ತು. ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಬಿದ್ದರೆ ಜಠರವನ್ನು ಕೆರಳಿಸುತ್ತದೆ. ಒಣ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿಯೂ ಹುಣ್ಣು ಮಾಡಬಲ್ಲದು. ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಗಿನವರೆಗೆ ಬರಿಹೊಟ್ಟೆಯಲ್ಲಿರುವ ನಾಯಿಗೆ ಪಿತ್ತ ಜಠರಕ್ಕೆ ಬಂದು ನೊರೆವಾಂತಿಯಾಗುವುದೂ ಸಾಮಾನ್ಯ.

ತೀರ್ಮಾನ ಮತ್ತು ಚಿಕಿತ್ಸೆ

ಈ ಹಂತದಲ್ಲಿ ಎರಡು ದಾರಿಗಳಿದ್ದವು. ಅಲ್ಟ್ರಾಸೌಂಡ್ ಮಾಡಿಸಲು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸುವುದು ಒಂದು. ಬೇಡವಾದದ್ದನ್ನೆಲ್ಲ ನಿಲ್ಲಿಸಿ ಮೂರು ದಿನ ಕಣ್ಣಿಟ್ಟು ಕಾಯುವುದು ಇನ್ನೊಂದು. ನಾಯಿ ಗೆಲುವಾಗಿತ್ತು, ಪ್ಲೇಟ್‌ಲೆಟ್ ತಾನಾಗಿ ರಕ್ತ ಸೋರುವಷ್ಟು ಕೆಳಗಿರಲಿಲ್ಲ, ಯೂರಿಯಾ ಏರಿರಲಿಲ್ಲ. ಹಾಗಾಗಿ ಕಾಯುವುದನ್ನೇ ಆರಿಸಿಕೊಂಡೆ. ವಸಡು ಇನ್ನಷ್ಟು ಬಿಳಿಚಿಕೊಂಡಿದ್ದರೆ ಅಥವಾ ಚಿನ್ನಿ ಮೂಲೆ ಹಿಡಿದು ಮಲಗಿದ್ದರೆ ಇದೇ ಮಲ ನೋಡಿ ಬೇರೆ ತೀರ್ಮಾನ ಮಾಡುತ್ತಿದ್ದೆ.

ಕಬ್ಬಿಣ, ಕ್ಯಾಲ್ಸಿಯಂ, ಲಿವರ್ ಟಾನಿಕ್, ಸುಕ್ರಾಲ್ಫೇಟ್, ಹಾಲು, ಸೂಪ್, ಬಿಸ್ಕತ್ತು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದೆ. ಒಂದೊಂದನ್ನೇ ನಿಲ್ಲಿಸಿದ್ದರೆ ಯಾವುದರಿಂದ ಏನಾಯಿತೆಂದು ನಿಖರವಾಗಿ ತಿಳಿಯುತ್ತಿತ್ತು, ನಿಜ. ಆದರೆ ಇವುಗಳಲ್ಲಿ ಯಾವುದೂ ಚಿನ್ನಿಗೆ ಆಗ ಬೇಕಾಗಿರಲಿಲ್ಲ, ನನ್ನ ಕುತೂಹಲಕ್ಕಾಗಿ ನಾಯಿ ಇನ್ನಷ್ಟು ದಿನ ಭೇದಿ ಅನುಭವಿಸುವುದು ನ್ಯಾಯವಲ್ಲ. ಡಾಕ್ಸಿಸೈಕ್ಲಿನ್ ಅಂದಿನಿಂದಲೇ ಮತ್ತೆ ಶುರುಮಾಡಿಸಿ, ತಪ್ಪಿಹೋದ ದಿನಗಳನ್ನು ಕೊನೆಗೆ ಸೇರಿಸಲು ಹೇಳಿದೆ. ಅರ್ಧ ಊಟವಾದ ಮೇಲೆ ಮಾತ್ರೆ, ಆಮೇಲೆ ಉಳಿದರ್ಧ ಊಟ, ಕೊನೆಗೆ ನೀರು. ಕೊಕ್ಕೆಹುಳುವಿಗೆ ಫೆನ್‌ಬೆಂಡಜೋಲ್ ಕೊಟ್ಟೆ. ಮೆಟ್ರೊನಿಡಜೋಲ್ ಬರೆಯಲಿಲ್ಲ. ನಾಯಿಗೆ ಭೇದಿಯಾದರೆ ಅದನ್ನು ಕಣ್ಣುಮುಚ್ಚಿ ಬರೆಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ, ಆದರೆ ಗೆಲುವಾಗಿರುವ ನಾಯಿಯ ಸಾದಾ ಭೇದಿಗೆ ಆಂಟಿಬಯೋಟಿಕ್ ಬೇಕಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಕೆಡಿಸಿಹಾಕುತ್ತದೆ. ಲೋಪೆರಮೈಡನ್ನು ಅಂಗಡಿಗೆ ವಾಪಸು ಕೊಡಲು ಹೇಳಿದೆ. ಕರುಳಿನ ಚಲನೆಯನ್ನೇ ತಡೆದರೆ ಒಳಗಿನ ವಿಷ ಒಳಗೇ ಉಳಿಯುತ್ತದೆ, ಕೋಲಿಯಂಥ ಕೆಲವು ತಳಿಗಳಲ್ಲಿ ಆ ಔಷಧ ಮಿದುಳಿಗೂ ಏರಿ ಅಪಾಯ ಮಾಡುತ್ತದೆ.

ಊಟದ ವಿಷಯದಲ್ಲಿ ಮನೆಯವರು ಒಂದು ದಿನ ಉಪವಾಸ ಹಾಕುವುದೇ ಎಂದು ಕೇಳಿದರು. ಹಿಂದೆ ನಾವೂ ಹಾಗೆ ಹೇಳುತ್ತಿದ್ದೆವು. ವಾಂತಿ ನಿಲ್ಲದೆ ಬರುತ್ತಿದ್ದರೆ ಮಾತು ಬೇರೆ. ಇಲ್ಲವಾದರೆ ಕರುಳಿನ ಒಳಪದರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಊಟದಿಂದಲೇ ಪೋಷಣೆ ಪಡೆಯುತ್ತದಾದ್ದರಿಂದ, ಈಗಾಗಲೇ ಎರಡು ಕೆ.ಜಿ. ಇಳಿದ ನಾಯಿಯನ್ನು ಉಪವಾಸ ಕೆಡವುವುದರಲ್ಲಿ ಅರ್ಥವಿಲ್ಲ. 16 ಕೆ.ಜಿ. ತೂಕದ ನಾಯಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 560 ಕಿಲೋಕ್ಯಾಲರಿ ಬೇಕು. ಚರ್ಮ ತೆಗೆದು, ಉಪ್ಪು ಮಸಾಲೆ ಏನೂ ಇಲ್ಲದೆ ಬೇಯಿಸಿದ ಕೋಳಿಯ ಎದೆಮಾಂಸ ಸುಮಾರು 150 ಗ್ರಾಂ ಮತ್ತು ಮೆತ್ತಗೆ ಬೇಯಿಸಿದ ಅನ್ನ ಸುಮಾರು 240 ಗ್ರಾಂ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮೊದಲ ದಿನ ಅದರ ಅರ್ಧ, ಎರಡನೆಯ ದಿನ ಮುಕ್ಕಾಲು, ಆಮೇಲೆ ಪೂರ್ತಿ. ದಿನಕ್ಕೆ ನಾಲ್ಕು ಪಾಲು ಮಾಡಿ, ಕೊನೆಯದನ್ನು ಮಲಗುವ ಮೊದಲು ಕೊಡುವುದು. ಜೊತೆಗೆ ಒಂದು ಚಮಚ ಬೇಯಿಸಿ ಕಿವುಚಿದ ಸಿಹಿಗುಂಬಳ. ಈ ಊಟ ಹೊಟ್ಟೆ ಸರಿಯಾಗುವವರೆಗೆ ಮಾತ್ರ. ತಿಂಗಳುಗಟ್ಟಲೆ ಇದನ್ನೇ ಹಾಕಿದರೆ ಕ್ಯಾಲ್ಸಿಯಂ ಮೊದಲಾದವುಗಳ ಕೊರತೆ ಬರುತ್ತದೆ ಎಂಬುದನ್ನು ಚೀಟಿಯ ಮೇಲೆಯೇ ಬರೆದೆ, ಏಕೆಂದರೆ ಒಗ್ಗಿದ ಊಟವನ್ನು ಬದಲಿಸಲು ಜನ ಹೆದರುತ್ತಾರೆ.

ಯಾವಾಗ ಕಾಯದೆ ಓಡಿಬರಬೇಕು ಎಂಬುದನ್ನು ಹೇಳದೆ ಕಳಿಸಿದ್ದರೆ ಇವರ ಆತಂಕ ಮನೆಗೆ ಹೋಗುವಷ್ಟರಲ್ಲಿ ಎರಡರಷ್ಟಾಗುತ್ತಿತ್ತು. ದಿನಕ್ಕೆರಡು ಸಲ ತುಟಿ ಎತ್ತಿ ವಸಡಿನ ಬಣ್ಣ ನೋಡಿ, ಆಮೇಲೆ ಮಲ ನೋಡಿ ಎಂದೆ. ವಸಡು ಬಿಳಿ ಕಾಗದದಂತಾದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾದರೆ, ಮಲದಲ್ಲಿ ಕೆಂಪು ರಕ್ತ ಕಂಡರೆ, ಕಬ್ಬಿಣ ನಿಲ್ಲಿಸಿದ ಮೇಲೂ ಅಂಟಂಟಾದ ಕಪ್ಪು ಮುಂದುವರಿದರೆ, ಹೊಟ್ಟೆ ಉಬ್ಬಿ ಏನೂ ಹೊರಬಾರದ ಓಕರಿಕೆ ಬಂದರೆ ಗಂಟೆ ನೋಡದೆ ಬರಬೇಕು. ತೆಳುವಾದ ಮಲ ಎರಡು ದಿನ ಮುಂದುವರಿದು, ನಾಯಿ ತಿನ್ನುತ್ತ ಕುಡಿಯುತ್ತ ಓಡಾಡಿಕೊಂಡಿದ್ದರೆ ಫೋನ್ ಸಾಕು.

ಮುಂದೆ ನಡೆದದ್ದು

ಕಬ್ಬಿಣ ನಿಲ್ಲಿಸಿದ ಮೂರನೆಯ ದಿನಕ್ಕೆ ಮಲ ಕಂದು ಬಣ್ಣಕ್ಕೆ ಮರಳಿತು, ವಾರದೊಳಗೆ ಗಟ್ಟಿಯಾಯಿತು. ಬೆಳಗಿನ ವಾಂತಿ, ಮಲಗುವ ಮೊದಲಿನ ಆ ಊಟ ಶುರುವಾದ ಮರುದಿನವೇ ನಿಂತಿತ್ತು. ಬಣ್ಣ ಬದಲಾದದ್ದರಲ್ಲಿ ಹುಳುವಿನ ಔಷಧದ ಪಾಲೂ ಸ್ವಲ್ಪ ಇದ್ದಿರಬಹುದು. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಬೇರ್ಪಡಿಸಿ ಹೇಳಲಾಗದು. ಆದರೆ ಮೊಟ್ಟೆಗಳ ಸಂಖ್ಯೆ ಅಷ್ಟು ಕಡಿಮೆಯಿದ್ದದ್ದನ್ನೂ ಬದಲಾವಣೆಯ ವೇಗವನ್ನೂ ನೋಡಿದರೆ ಕಬ್ಬಿಣವೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ.

ನಡುವೆ ಒಂದು ರಾತ್ರಿ ಫೋನ್ ಬಂತು. ಉಣ್ಣಿ ತಡೆಯಲು ನಾನೇ ಬರೆದುಕೊಟ್ಟಿದ್ದ ಫ್ಲೂರಲನರ್ ಮಾತ್ರೆಯನ್ನು ಅಂದು ಬೆಳಿಗ್ಗೆ ಕೊಟ್ಟಿದ್ದರು, ಸಂಜೆ ಮತ್ತೆ ಭೇದಿ. ಆ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಭೇದಿ, ವಾಂತಿ ಸೇರಿವೆ. “ವಸಡು ಹೇಗಿದೆಯಮ್ಮಾ?” ಎಂದು ಕೇಳಿದೆ. “ಗುಲಾಬಿ ಬಣ್ಣ ಇದೆ ಡಾಕ್ಟ್ರೇ. ನೀರು ಕುಡಿದ್ಲು, ಊಟಾನೂ ಮಾಡಿದ್ಲು. ಈಗ ಸೋಫಾ ಮೇಲೆ ಹತ್ತಿ ಕೂತಿದ್ದಾಳೆ, ಇಳಿ ಅಂದ್ರೂ ಇಳೀತಿಲ್ಲ,” ಎಂದರು. ಏನೂ ಕೊಡುವುದು ಬೇಡ, ನಾಳೆ ಊಟ ಸ್ವಲ್ಪ ಕಡಿಮೆ ಮಾಡಿ ಎಂದೆ. ಮರುದಿನಕ್ಕೆ ಸರಿಹೋಗಿತ್ತು.

ಡಾಕ್ಸಿಸೈಕ್ಲಿನ್ ಪೂರ್ತಿ ಮುಗಿದ ಮೇಲೆ ಪ್ಲೇಟ್‌ಲೆಟ್ 2,36,000, ಪಿಸಿವಿ ಶೇಕಡಾ 36, ತೂಕ 17.2 ಕೆ.ಜಿ. ಇತ್ತು. ಕಾಯಿಲೆ ಹೋಗಿದೆಯೇ ಎಂದು ಖಾತರಿ ಮಾಡಿಕೊಳ್ಳಲು ಮಗ ಮತ್ತೆ ಕಿಟ್ ಪರೀಕ್ಷೆ ಕೇಳಿದ. ಅದು ಪತ್ತೆಹಚ್ಚುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಸೋಂಕು ಹೋದ ಮೇಲೂ ಅವು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಪಾಸಿಟಿವ್ ಬಂದು ಸುಮ್ಮನೆ ಹೆದರಿಸುತ್ತದೆ ಎಂದು ಹೇಳಿ ಮಾಡಿಸಲಿಲ್ಲ. ಈ ಸೋಂಕು ಲಕ್ಷಣವೇ ಇಲ್ಲದೆ ಮೈಯಲ್ಲಿ ಅಡಗಿ ಕೂರುವುದೂ ಉಂಟಾದ್ದರಿಂದ ಪ್ಲೇಟ್‌ಲೆಟ್ ಎಣಿಕೆಯನ್ನು ಮೂರು ತಿಂಗಳಿಗೆ ಮತ್ತೆ ಮಾಡಿಸಬೇಕು.

ಮಲವನ್ನು ಮರುಪರೀಕ್ಷಿಸಿದಾಗ ಕೊಕ್ಕೆಹುಳುವಿನ ಮೊಟ್ಟೆ ಸಿಗಲಿಲ್ಲ. ಆದರೆ ಪಕ್ಕದ ಮರಳಿನ ರಾಶಿ ಬೀದಿನಾಯಿಗಳಿಗೂ ಚಿನ್ನಿಗೂ ಒಂದೇ ಪಾಯಿಖಾನೆ, ಓಣಿಯ ಮಕ್ಕಳು ಬರಿಗಾಲಲ್ಲಿ ಆಡುವ ಜಾಗವೂ ಅದೇ. ಈ ಹುಳುವಿನ ಮರಿಗಳು ಮನುಷ್ಯರ ಚರ್ಮದೊಳಗೂ ಕೊರೆದು ನುಗ್ಗುತ್ತವೆ. ಅದನ್ನು ತೆಗೆಸುವಂತೆ ಸೈಟಿನವರೊಂದಿಗೆ ಮಾತಾಡುವುದಾಗಿ ಮಗ ಒಪ್ಪಿಕೊಂಡ. ಅಂಗಳದ ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಿಸಿದ್ದಾರೆ. ಈ ಕಾಯಿಲೆ ಹರಡುವ ಕಂದು ಉಣ್ಣಿ ರಕ್ತ ಹೀರಿದ ಮೇಲೆ ನಾಯಿಯಿಂದ ಇಳಿದು, ಗೋಡೆ ಹತ್ತಿ, ಅಂಥ ಸಂದುಗಳಲ್ಲೇ ಸಾವಿರಾರು ಮೊಟ್ಟೆಯಿಡುತ್ತದೆ. ಬೆಂಗಳೂರಿನ ಹವೆಯಲ್ಲಿ ಅದಕ್ಕೆ ಬಿಡುವಿನ ಕಾಲವೆಂಬುದಿಲ್ಲದ ಕಾರಣ ಫ್ಲೂರಲನರ್ ಮಾತ್ರೆಯನ್ನು ಹನ್ನೆರಡು ವಾರಕ್ಕೊಮ್ಮೆ, ಊಟದ ಜೊತೆಗೇ, ವರ್ಷವಿಡೀ ಕೊಡುವಂತೆ ಬರೆದಿದ್ದೇನೆ.